ಹಲಗೆಯ ಹಿಂದಿನ ಬೊಟ್ಟು

ನಾನು ಚಿನ್ನದ ಗಣಿ ಊರಿನ ಆಫೀಸಲ್ಲಿ ಮಿಷನ್ನು ನಡೆಸ್ತಿದ್ದೆ ಅಂದ್ರೆ ಈಗಿನೋರು ನಂಬಲ್ಲ. ಆಗ ಕಂಪ್ಯೂಟರ್ ಎಲ್ಲಿತ್ತಜ್ಜಿ ಅಂತಾರೆ. ಇರಲಿಲ್ಲ, ಒಪ್ಪಿದೆ. ಆದ್ರೆ ಮಿಷನ್ನಿಗೆ ಇದನ್ನ ಮಾಡು, ಅದನ್ನ ಬಿಡು ಅಂತ ಹೇಳಿಕೊಡೋ ಕೆಲಸ ಆಗಲೂ ಇತ್ತು. ಇವರು ಬೆರಳಲ್ಲಿ ಒತ್ತಿ ಹೇಳ್ತಾರೆ, ನಾವು ತಂತಿ ಸಿಕ್ಕಿಸಿ ಹೇಳ್ತಿದ್ವಿ. ಗೋಜಲು ಮಾತ್ರ ಆಗಲೂ ಈಗಲೂ ಒಂದೇ ಇರಬೇಕು. ಒಬ್ಬರು ಸಿಕ್ಕಿಸಿ ಹೋಗಿರ್ತಾರೆ, ಇನ್ನೊಬ್ಬರು ಕೂತು ಬಿಚ್ಚಬೇಕು, ಬೈಗುಳ ಬಿಚ್ಚೋರಿಗೆ.

ಆಫೀಸಿನ ಹೆಸರು ಬೇಡ. ಉರಿಗಾಂ ಸ್ಟೇಷನ್ನಿಂದ ನಡೆದು ಹೋಗೋ ದೂರ. ತಗಡಿನ ಸೂರು, ಬೇಸಿಗೆಯಲ್ಲಿ ಕಾವಲಿ ಮೇಲೆ ಕೂತ ಹಾಗಿರೋದು. ಗಣಿ ಜನರ ಪಟ್ಟಿಗಳನ್ನ ಮಾಡಿಕೊಡೋದೇ ಅಲ್ಲಿನ ಕೆಲಸ. ಒಬ್ಬೊಬ್ಬ ಆಳಿಗೂ ಒಂದೊಂದು ಕಾರ್ಡು. ಅವನ ನಂಬರೇನು, ಈಗ ಎಲ್ಲಿ ಕೆಲಸ, ಮುಂಚೆ ಎಲ್ಲಿದ್ದ, ಎಲ್ಲಾನೂ ಕಾರ್ಡಿನಲ್ಲಿ ತೂತಾಗಿ ಇರೋದು. ಕಾರ್ಡುಗಳನ್ನ ಮಿಷನ್ನಿಗೆ ಹಾಕಿದ್ರೆ ಬೇಕಾದೋರನ್ನ ಮಾತ್ರ ಆರಿಸಿ ಪಟ್ಟಿ ಹೊಡೆದು ಕೊಡ್ತಿತ್ತು.

ಯಾರು ಬೇಕಾದೋರು ಅಂತ ಮಿಷನ್ನಿಗೆ ಗೊತ್ತಾಗ್ತಿದ್ದದ್ದು ಹಲಗೆಯಿಂದ. ಮೊರದಗಲದ ಕಪ್ಪು ಹಲಗೆ, ಜರಡಿ ಹಾಗೆ ತೂತು. ಯಾವ ತೂತಿಂದ ಯಾವ ತೂತಿಗೆ ತಂತಿ ಸಿಕ್ಕಿಸ್ತೀವೋ ಮಿಷನ್ನು ಹಾಗೆ ನಡ್ಕೊಳ್ಳೋದು. ಮುಂಬದಿ ಪೂರಾ ತಂತಿಗಳ ಗಂಟು. ಹಿಂಬದಿ ಸಪಾಟು, ತಂತಿಗಳ ಹಿತ್ತಾಳೆ ತುದಿ ಮಾತ್ರ ಅಲ್ಲಿ ಇಣುಕ್ತಿರೋದು. ಹಲಗೇನ ಒಳಕ್ಕೆ ತಳ್ಳಿದಾಗ ಆ ತುದಿಗಳು ಮಿಷನ್ನಿನ ಮೊಳೆಗಳಿಗೆ ತಾಕಬೇಕು. ತಾಕದೇ ಹೋದ್ರೆ ಆ ತಂತಿ ಇದ್ದೂ ಇಲ್ಲದ ಲೆಕ್ಕ. ಅಕ್ಕಿ ಪಟ್ಟಿಗೊಂದು ಹಲಗೆ, ರಜದ ಪಟ್ಟಿಗೊಂದು, ಎದೆಯ ಎಕ್ಸ್‌ರೇಗೆ ಕರೆಯೋರ ಪಟ್ಟಿಗೊಂದು, ಹೀಗೆ ಒಟ್ಟು ಏಳು ಹಲಗೆ ಇದ್ವು.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಬೆಳಗ್ಗೆ ಬಂಗಾರಪೇಟೆಯಲ್ಲಿ ಅಪ್ಪನೂ ನಾನೂ ಒಂದೇ ರೈಲು ಹತ್ತುತಿದ್ವಿ. ಅಪ್ಪ ಮುಂಚೆ ಗಣಿಯೊಳಗೆ ಇಳಿದು ಬಂಡೆ ಕೊರೀತಿದ್ದ. ಮೊಣಕಾಲು ಜಖಂ ಆದ ಮೇಲೆ ಮೇಲಕ್ಕೆ ತಂದು ಕಲ್ಲು ಪುಡಿ ಮಾಡೋ ಮಿಲ್ಲಿಗೆ ಹಾಕಿದ್ರು. ಒಳಗಿನ ಧೂಳು ಬಿಟ್ಟು ಹೊರಗಿನ ಧೂಳಿಗೆ ಬಂದ, ಅಷ್ಟೇ ವ್ಯತ್ಯಾಸ. ರೈಲಿನಲ್ಲಿ ಅಪ್ಪ ಎಲ್ಲಿ ಕೂತಿದ್ದಾನೆ ಅಂತ ನಾನು ಹುಡುಕ್ತಾನೇ ಇರಲಿಲ್ಲ. ಕೆಮ್ಮು ಕೇಳೋದು, ಆ ಕಡೆ ಹೋಗ್ತಿದ್ದೆ.

ಆ ಕೆಮ್ಮು ಏನು ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಮತ್ತೆ ಏಳಲ್ಲ. ಬೇಗ ಗೊತ್ತಾದ್ರೆ ಧೂಳಿಲ್ಲದ ಕಡೆ ಹಾಕ್ತಾರೆ, ಮನುಷ್ಯ ಇನ್ನೊಂದಷ್ಟು ಕಾಲ ಉಳ್ಕೋತಾನೆ. ತಡ ಆದ್ರೆ ಯಾರೂ ಏನೂ ಮಾಡೋಕಾಗಲ್ಲ. ಅದಕ್ಕೇ ಒಳಗೆ ಇಳಿಯೋರಿಗೆಲ್ಲ ವರ್ಷಕ್ಕೊಂದು ಸಲ ಎಕ್ಸ್‌ರೇ ಚೀಟಿ ಬರ್ತಿತ್ತು. ಮೇಲಕ್ಕೆ ಬಂದೋರ ನೇಮ ಏನು ಅಂತ ಮಿಲ್ಲಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅಪ್ಪನಿಗೆ ಮಿಲ್ಲಿಗೆ ಬಂದ ಹೊಸದರಲ್ಲಿ ಚೀಟಿ ಬಂದಿತ್ತು, ನೋಡಿ ಏನೂ ಇಲ್ಲ ಅಂದಿದ್ರು. ಆಮೇಲೆ ಬರಲೇ ಇಲ್ಲ. ಅವನ ಜೊತೆ ಮೇಲಕ್ಕೆ ಬಂದ ಬೇರೆಯೋರಿಗೂ ಬರಲಿಲ್ಲ. ಅವರೆಲ್ಲ ಸೇರಿ ಅದಕ್ಕೊಂದು ಅರ್ಥ ಕಟ್ಟಿಕೊಂಡಿದ್ರು: ಎದೆ ಕೆಟ್ಟಿರೋರನ್ನ ಮಿಷನ್ನೇ ಕಂಡುಹಿಡಿದು ಕರೆಯುತ್ತೆ, ಕರೀಲಿಲ್ಲ ಅಂದ್ರೆ ಎದೆ ಗಟ್ಟಿ.

"ನಿನ್ ಮಿಸನ್ನಿಗೆ ಎಲ್ಲಾ ಗೊತ್ತಾಯ್ತದೆ ಕಣಮ್ಮಿ," ಅಂತಿದ್ದ ಅಪ್ಪ. "ಗಟ್ಟಿ ಇರೋನ್ನ ಅದ್ಯಾಕೆ ಕರೀತದೆ?"

"ನೀನೇ ಒಂದು ಸಲ ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬಾರಪ್ಪಾ."

"ಕರೀದೆ ಓಗೋನ್ಗೆ ಮೈ ಸರ್ಯಾಗಿಲ್ಲ, ಮನೆಗ್ ಓಗು ಅಂತಾರೆ. ಕರುದ್ರೆ ಓಗ್ತೀನಿ."

ಇಷ್ಟು ಹೇಳಿ ಟವಲ್ಲು ಬಾಯಿಗೆ ಇಟ್ಟುಕೊಂಡು ಕೆಮ್ಮೋನು. ನನಗೆ ಸಿಟ್ಟು ಬರೋದು. ಆದ್ರೂ ನಿಜ ಹೇಳ್ತೀನಿ, ಎಕ್ಸ್‌ರೇ ಪಟ್ಟಿ ಹೊಡೆದಾಗೆಲ್ಲ ನಾನೂ ಅಪ್ಪನ ನಂಬರು ಹುಡುಕ್ತಿದ್ದೆ, ಕಾಣದೇ ಇದ್ದಾಗ ನೆಮ್ಮದಿಯಿಂದ ಉಸಿರು ಬಿಡ್ತಿದ್ದೆ. ಮಿಷನ್ನು ದಿನಾ ಒರೆಸೋಳು ನಾನು. ಅದರ ಹೊಟ್ಟೆಯಲ್ಲಿ ಏನಿದೆ ಅಂತ ನೋಡಿದೋಳು, ಆದ್ರೂ ನಂಬಿದ್ದೆ.

ಅಂಥ ಒಂದು ವರ್ಷ ಪರದೇಶದಿಂದ ಸಾಮಾನು ಬರೋದು ನಿಂತು ತಂತಿಗೆ ಬರಗಾಲ ಬಂತು. ಹೊಸ ಪಟ್ಟಿಯೊಂದಕ್ಕೆ ಹಲಗೆ ಕಟ್ಟಬೇಕು, ತಂತಿ ಇಲ್ಲ. ಹೊಸದಾಗಿ ಬಂದಿದ್ದ ಆಫೀಸರು ಏಳು ಹಲಗೇನೂ ಮೇಜಿನ ಮೇಲೆ ಇಡಿಸಿ, ಇಷ್ಟೊಂದು ತಂತಿ ಯಾಕ್ರೀ ಅಂತ ಕೇಳಿದ್ರು. ಬೇಡದ್ದನ್ನೆಲ್ಲ ಕಿತ್ತು ಕೊಡಿ ಅಂತ ನನಗೆ ಹೇಳಿದ್ರು.

ನನಗೆ ಯಾಕೆ ಅಂದ್ರೆ ನಮ್ಮ ಹಿರಿಯ ಆಪರೇಟರಿಗೆ ಕಣ್ಣು ಮಂಜಾಗಿತ್ತು. ಆ ಮಿಷನ್ನು ಬಂದ ದಿನದಿಂದ ಇದ್ದ ತಮಿಳಿನೋರು, ನಾನು ಅವರನ್ನ ಅಣ್ಣ ಅಂತಿದ್ದೆ. ಒಳ್ಳೇ ಮನುಷ್ಯ. ನಡೆಯೋ ಹಲಗೇನ ಮಾತ್ರ ಮುಟ್ಟಬಾರದು ಅನ್ನೋದು ಅವರ ವೇದ. ಹೊಸ ಪಟ್ಟಿ ಬೇಕು ಅಂದ್ರೆ ಹಳೇ ಹಲಗೆಯ ತದ್ರೂಪು ಇನ್ನೊಂದು ಕಟ್ಟಿ, ಅದರಲ್ಲಿ ನಾಲ್ಕು ತಂತಿ ಬದಲಾಯಿಸೋರು. ಮೊದಲನೇದರಲ್ಲಿ ಬೇಡದ್ದೇನಿತ್ತೋ ಅದೂ ಎರಡನೇದಕ್ಕೆ ಬರೋದು. ಎರಡನೇದರ ತಪ್ಪು ಮೂರನೇದಕ್ಕೆ. ಹೀಗೆ ಒಂದೇ ಹಲಗೆ ಮರಿ ಹಾಕಿ ಏಳಾಗಿತ್ತು.

"ತೊಡಾದೇ ಮ್ಮಾ, ಮುಟ್ಟಬ್ಯಾಡ," ಅಂದ್ರು ಅಣ್ಣ. "ಓಡ್ತಾ ಇರೋದು ಓಡಲಿ."

"ಓಡ್ತಿದೆ, ಆದ್ರೆ ಏನು ಹೊತ್ಕೊಂಡು ಓಡ್ತಿದೆ ಅಂತ ನಿಮಗೂ ಗೊತ್ತಿಲ್ಲವಲ್ಲ ಅಣ್ಣಾ," ಅಂದೆ. ಅವರು ಮೂಗುಮುರಿದು ಕೂತರು.

ಶುರು ಮಾಡಿದ ಮೇಲೆ ನನಗೇ ಸಾಕಾಗಿ ಹೋಯ್ತು. ಒಂದು ತಂತಿಯ ತುದಿ ಹಿಡಿದು ಇನ್ನೊಂದು ತುದಿ ಹುಡುಕೋಷ್ಟರಲ್ಲಿ ಕಣ್ಣು ಉರಿಯೋದು. ಕಿತ್ತು ನೋಡು, ಮಿಷನ್ನು ಓಡಿಸು, ಪಟ್ಟಿ ಮೊದಲಿನ ಹಾಗೇ ಬಂತಾ ನೋಡು. ಬಂದ್ರೆ ತಂತಿ ದಂಡಕ್ಕಿತ್ತು ಅಂತ ಅರ್ಥ, ಪಕ್ಕಕ್ಕೆ ಹಾಕು. ಸಂಜೆ ರೈಲಿನಲ್ಲಿ ಕೂತರೂ ಕಣ್ಣ ಮುಂದೆ ಬಣ್ಣ ಬಣ್ಣದ ತಂತಿ. ಅಪ್ಪ ತಮಾಷೆ ಮಾಡೋನು, "ನಾವು ಬಂಡೆ ಒಡದ್ರೆ ಚಿನ್ನಾನಾದ್ರೂ ಬತ್ತದೆ, ನೀನು ಅದೇನ್ ತಗೀತೀಯಾ ಅದ್ರಾಗೆ" ಅಂತ. ನಗೋಕೆ ಹೋಗಿ ಕೆಮ್ಮು ಹತ್ತೋದು. ಆ ವರ್ಷ ಕೆಮ್ಮು ನಿಂತ ಮೇಲೂ ಒಂದಷ್ಟು ಹೊತ್ತು ಅವನಿಗೆ ಮಾತಾಡೋಕೆ ಆಗ್ತಿರಲಿಲ್ಲ.

ಹಲಗೆಗಳನ್ನ ಪಕ್ಕ ಪಕ್ಕ ಇಟ್ಟಾಗ ಒಂದು ವಿಚಿತ್ರ ಕಂಡಿತು. ನಟ್ಟನಡುವೆ ಒಂದು ಹಸಿರು ತಂತಿ, ಏಳರಲ್ಲೂ ಒಂದೇ ಜಾಗ. ಆರರಲ್ಲಿ ಅದರ ಜೊತೆಗೇ, ಅದೇ ಕೆಲಸವನ್ನ ಸುತ್ತು ಹಾಕಿಕೊಂಡು ಮಾಡೋ ಹಳದಿ ತಂತಿ ಇನ್ನೊಂದು. ಒಂದು ಕೆಲಸಕ್ಕೆ ಎರಡು ತಂತಿ ಯಾಕೆ? ಹಸಿರು ಕಿತ್ತೆ, ಪಟ್ಟಿ ಬದಲಾಗಲಿಲ್ಲ. ಅಲ್ಲಿಗೆ ಹಸಿರು ದಂಡ. ಒಂದೊಂದಾಗಿ ಆರು ಹಲಗೆಯದ್ದೂ ಕಿತ್ತೆ. ಏಳನೇದು ಎಕ್ಸ್‌ರೇ ಹಲಗೆ. ಅದರಲ್ಲಿ ಹಸಿರು ಇತ್ತು, ಹಳದಿ ಇರಲಿಲ್ಲ. ಅಲ್ಲೂ ಹಸಿರು ಕಿತ್ತು ಓಡಿಸಿದೆ. ಪಟ್ಟಿ ಬದಲಾಗಲೇ ಇಲ್ಲ.

ಕಿತ್ತು ಹಾಕಿ ಮನೆಗೆ ಹೋಗಬಹುದಿತ್ತು. ಸುಸ್ತೂ ಆಗಿತ್ತು. ಆದ್ರೆ ಮನಸ್ಸಿಗೆ ಕಸಿವಿಸಿ. ಅಣ್ಣನ ಹತ್ರ ಹೋಗಿ, ಈ ಹಸಿರು ತಂತಿ ಯಾವ ಕೆಲಸಕ್ಕೆ ಹಾಕಿದ್ದು ಅಂತ ಕೇಳಿದೆ.

"ಅದಾ? ಮುಂಚೆ ಒಳಗಿದ್ದು ಈಗ ಮೇಲೆ ಬಂದೋರನ್ನ ಸೇರಿಸೋಕೆ ಮ್ಮಾ," ಅಂದ್ರು.

"ಎಕ್ಸ್‌ರೇ ಹಲಗೆಯಲ್ಲೂ?"

"ಎಕ್ಸ್‌ರೇಗೇ ಮೊದಲು ಹಾಕಿದ್ದು. ಮೇಲೆ ಬಂದೋರನ್ನೂ ವರ್ಷ ವರ್ಷ ಕರೀಬೇಕು ಅಂತ ನೇಮ ಅಲ್ವಾ."

ಆ ತಂತಿ ಇದ್ರೂ ಕಿತ್ರೂ ಪಟ್ಟಿ ಒಂದೇ ಅಂದ್ರೆ, ಅದು ಕೆಲಸವನ್ನೇ ಮಾಡ್ತಿಲ್ಲ. ಹಲಗೇನ ಹಿಂದುಮುಂದು ಮಾಡಿ ಬೆಳಕಿಗೆ ಹಿಡಿದೆ. ಹಿಂಬದಿಯ ನಟ್ಟನಡುವೆ ಕುಂಕುಮದ ಬೊಟ್ಟು. ಅದರಡಿ ಗಂಧ, ಅದರಡಿ ಹೋದ ವರ್ಷದ ಕುಂಕುಮ, ಅದರಡಿ ಅದಕ್ಕೂ ಹಿಂದಿನ ವರ್ಷದ್ದು. ಒಣಗಿ ಕಲ್ಲಾಗಿತ್ತು. ಹಸಿರು ತಂತಿ ಸಿಕ್ಕಿಸಿದ್ದ ತೂತು ಅದರೊಳಗೆ ಮುಚ್ಚಿಹೋಗಿತ್ತು.

ಆಯುಧಪೂಜೆಗೆ ಹಲಗೆಗಳನ್ನ ಗೋಡೆಗೆ ಒರಗಿಸಿ ಇಡ್ತಿದ್ವಿ. ಮುಂಬದಿ ತಂತಿ ನೇತಾಡೋದರಿಂದ ಸಪಾಟಾದ ಹಿಂಬದಿ ಈಚೆಗೆ. ಅಣ್ಣ ಮಿಂದು, ವಿಭೂತಿ ಬಳಿದು, ಒಂದೊಂದು ಹಲಗೆಯ ನಡುವೆಯೂ ಭಕ್ತಿಯಿಂದ ಬೊಟ್ಟು ಇಡೋರು. ಹಳೇ ಬೊಟ್ಟು ಅಳಿಸಬಾರದು, ಅದರ ಮೇಲೇ ಇಡಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಪಾಪ, ಈ ಪೂಜಾರಿಗೆ ತಾನು ತಡೆದಿದ್ದೇ ಗೊತ್ತಿರಲಿಲ್ಲ.

ಮಿಕ್ಕ ಆರಕ್ಕೆ ಹಳದಿ ತಂತಿ ಯಾಕೆ ಬಂತು ಅಂತ ಆಗ ಹೊಳೀತು. ಅಕ್ಕಿ ಬರಲಿಲ್ಲ ಅಂದ್ರೆ ಜನ ಕಿಟಕಿಗೆ ಬಂದು ಮೂರು ಭಾಷೆಯಲ್ಲಿ ಬೈತಾರೆ. ರಜ ಸಿಗಲಿಲ್ಲ ಅಂದ್ರೂ ಬರ್ತಾರೆ. ಬೈದಾಗೆಲ್ಲ ಅಣ್ಣ, ಹಸಿರಿಗೆ ಏನಾಯ್ತು ಅಂತ ನೋಡದೆ, ಪಕ್ಕದಲ್ಲಿ ಇನ್ನೊಂದು ತಂತಿ ಎಳೆದಿದ್ರು. ಎಕ್ಸ್‌ರೇಗೆ ನನ್ನ ಯಾಕೆ ಕರೀಲಿಲ್ಲ ಅಂತ ಯಾವನು ಬಂದು ಜಗಳ ಆಡ್ತಾನೆ? ಖುಷಿಯಾಗಿ ಮನೆಗೆ ಹೋಗ್ತಾನೆ.

ಅಣ್ಣನಿಗೆ ತೋರಿಸಿದೆ. ಮಂಜುಗಣ್ಣಿಗೆ ಕಾಣಲಿಲ್ಲ, ಬೆರಳಲ್ಲಿ ಮುಟ್ಟಿ ನೋಡಿದ್ರು. ತಮ್ಮ ಹೆಗಲ ಟವಲ್ಲನ್ನೇ ನೀರಲ್ಲಿ ಅದ್ದಿ ಒರೆಸೋಕೆ ಕೂತರು. ಎಷ್ಟೊತ್ತಾದ್ರೂ ಒರೆಸೋದು ನಿಲ್ಲಿಸಲಿಲ್ಲ. "ಸಾಮಿಗೆ ಇಡ್ತಾ ಇದೀನಿ ಅಂದ್ಕೊಂಡೆ ಮ್ಮಾ," ಅಂತ ಒಂದೇ ಮಾತು ಅಂದ್ರು. ಬಯ್ಯಬೇಕು ಅಂತ ಹೋದೋಳು ನಾನು, ಇನ್ನೊಂದಷ್ಟು ನೀರು ತಂದಿಟ್ಟೆ.

ಹಸಿರು ತಂತಿ ಮತ್ತೆ ಸಿಕ್ಕಿಸಿ ಹಲಗೆ ತಳ್ಳಿ ಓಡಿಸಿದೆ. ಈ ಸಲ ಪಟ್ಟಿ ಉದ್ದ ಬಂತು. ಅಪ್ಪನ ನಂಬರು ಅದರಲ್ಲಿತ್ತು. ಆಫೀಸರಿಗೆ ಎಲ್ಲಾ ವಿವರಿಸಿದೆ. ಕೇಳಿಸ್ಕೊಂಡ್ರು, ಅವತ್ತೇ ಎಲ್ಲರಿಗೂ ಚೀಟಿ ಕಳಿಸಿ ಅಂದ್ರು, ಅದು ದೊಡ್ಡತನವೇ. ಆಮೇಲೆ, "ಒಟ್ಟು ಎಷ್ಟು ತಂತಿ ಉಳೀತಮ್ಮಾ?" ಅಂತ ಕೇಳಿದ್ರು.

ಸಂಜೆ ರೈಲಿನಲ್ಲಿ ಅಪ್ಪನ ಎದುರಿಗೆ ಕೂತು ಹೇಳಿದೆ. ಬೊಟ್ಟಿನ ಕಥೆ, ತಂತಿ ಕಥೆ ಪೂರಾ. ಅವನು ಕೇಳ್ತಾ ಕೇಳ್ತಾ ಟವಲ್ಲನ್ನ ಮಡಿಚಿ ಬಿಚ್ಚಿ ಮಾಡ್ತಿದ್ದ.

"ಅಂಗಾರೆ ನನ್ ಎದೆ ಗಟ್ಟಿ ಅಂತ ಅದು ಬುಟ್ಟಿದ್ದಲ್ಲ," ಅಂದ. "ನನ್ನ ನೋಡೇ ಇರ್ಲಿಲ್ಲ ಅನ್ನು."

"ಹೂಂ ಅಪ್ಪಾ," ಅಂದೆ.

"ನನ್ ಜತೆ ಮೇಲಕ್ ಬಂದೋರ್ದೆಲ್ಲಾ ಬಂತಾ?"

"ಇರೋರದ್ದು ಬಂದಿದೆ ಅಪ್ಪಾ."

ಸತ್ತೋರ ಕಾರ್ಡು ನಾವು ತೆಗೆದು ಹಾಕ್ತೀವಿ, ಅವು ಪಟ್ಟಿಗೆ ಬರಲ್ಲ. ಯಾರು ಯಾರು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಹೆಣಕ್ಕೆ ಹೆಗಲು ಕೊಟ್ಟೋನು ಅವನೇ.

ಚೀಟಿ ಬಂತು, ಹೋದ. ಎದೆಯಲ್ಲಿ ಧೂಳು ಕೂತಿತ್ತು. ಎರಡು ವರ್ಷ ಮುಂಚೆ ಬಂದಿದ್ರೆ ಚೆನ್ನಾಗಿತ್ತು ಅಂದ್ರಂತೆ ಡಾಕ್ಟರು. ಮಿಲ್ಲು ಬಿಡಿಸಿ ಗೇಟಿನ ಹತ್ರ ಕಾವಲಿಗೆ ಹಾಕಿದ್ರು. ಸ್ಟೂಲಿನ ಮೇಲೆ ಕೂತಿರೋದು. ಮಳೆಗಾಲ ಮುಗಿಯೋಷ್ಟರಲ್ಲಿ ಸ್ಟೇಷನ್ನಿಂದ ಗೇಟಿನ ತನಕ ದಾರಿಯಲ್ಲಿ ಕೂತು ಕೂತು ಹೋಗೋ ಹಾಗಾದ. ಆಮೇಲೆ ರೈಲಿಗೆ ನಾನೊಬ್ಬಳೇ.

ಒಂದೇ ಥರದ ಪಟ್ಟಿಗಳನ್ನ ಒಂದೇ ಹಲಗೆಗೆ ಸೇರಿಸಿದ್ದಕ್ಕೆ ಹಲಗೆ ಏಳಿದ್ದದ್ದು ಮೂರಾದ್ವು. ಗೋಜಲು ಹೋಯ್ತು, ಯಾರು ನೋಡಿದ್ರೂ ತಿಳಿಯೋ ಹಾಗಾಯ್ತು. ನನಗೆ ಅದರಿಂದ ಖುಷಿ ಏನೂ ಆಗಲಿಲ್ಲ. ಸುಸ್ತು, ಬರೀ ಸುಸ್ತು.

ಆ ವರ್ಷ ಆಯುಧಪೂಜೆ ದಿನ ಬೆಳಗ್ಗೆ ಹೊರಡ್ತಿದ್ದೆ. ನನಗೆ ಪೂಜೆ ಅಂದ್ರೇ ಬೇಡವಾಗಿತ್ತು, ಬರಿಗೈಲಿ ಹೊರಟಿದ್ದೆ. ಅಪ್ಪ ಜಗಲಿ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಲಗಿದ್ರೆ ಉಸಿರು ಸಿಗ್ತಿರಲಿಲ್ಲ ಅವನಿಗೆ. ಹತ್ರ ಕರೆದು, ಕಾಗದದಲ್ಲಿ ಕಟ್ಟಿದ್ದ ಕುಂಕುಮದ ಪೊಟ್ಣ ಕೈಗಿಟ್ಟ. ನಾನು ಬೇಡ ಅಂತ ಕೈ ಹಿಂದಕ್ಕೆ ಎಳ್ಕೊಂಡೆ.

"ಅದ್ರುದೇನ್ ತಪ್ಪೈತೆ, ತಗಾ," ಅಂದ. ಉಸಿರು ಎಳ್ಕೊಳ್ಳೋಕೆ ಸ್ವಲ್ಪ ಹೊತ್ತು ತಗೊಂಡ. "ಮುಂದ್ಗಡೆ ಅಂಚಿಗೆ ಇಕ್ಕು ಕಣಮ್ಮಿ. ತೂತಿನ್ ಮ್ಯಾಲೆ ಇಕ್ಬ್ಯಾಡ. ಆ ಕಡೆ ಯಾರಾನ ಇರ್ತಾರೆ."