ಕುರಿ ನಿಂತ ಹೊಲ ಮತ್ತು ನನ್ನ ಮೂರನೇ ಷರತ್ತು

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಆದ ಅನಾಹುತಕ್ಕೆಲ್ಲ ಆ ಅಕ್ಷರವೇ ಮೂಲವಾದ್ದರಿಂದ ಹೇಳದೆ ವಿಧಿಯಿಲ್ಲ. ಮೊಳಕಾಲ್ಮೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದು ರಿಟೈರಾದೆ. ಕೊಂಡ್ಲಹಳ್ಳಿ ಕಡೆಯ ನಮ್ಮೂರಿಗೆ ಬಂದು, ಎಂಬತ್ತರ ಹತ್ತಿರದ ಅವ್ವನ ಜೊತೆ ನಾಲ್ಕು ಎಕರೆ ನೋಡಿಕೊಂಡು ತೆಪ್ಪಗಿದ್ದೆ. ಊರವರು ಬಿಡಬೇಕಲ್ಲ! "ಸಣ್ಣ ಹೊಲ ಉಳಿಸಾಕೆ ಸಮಿತಿ ಮಾಡ್ತಿದೀವಿ. ಬರೆಯೋ ಕೆಲಸಕ್ಕೆ ನಿಮ್ಮನ್ನ ಬಿಟ್ರೆ ಯಾರದಾರೆ ಸಾರ್?" ಎಂದರು. ಹೊಗಳಿದರೆ ಹಲ್ಲು ಕಿರಿಯುವುದು ನನ್ನ ಹಳೆಯ ರೋಗ. ಒಪ್ಪಿಕೊಂಡೆ.

ಸಮಿತಿಯ ಉದ್ದೇಶ ಒಳ್ಳೆಯದೇ. ಸುತ್ತಮುತ್ತ ಸೋಲಾರ್‌ನವರಿಗೆ ಹೊಲ ಕೊಡುವುದು ಶುರುವಾಗಿತ್ತು. ಒಂದು ಹೊಲ ಹೋದರೆ ಪಕ್ಕದ ಹೊಲಕ್ಕೆ ಗಾಡಿ ಹೋಗುವ ದಾರಿ ಮುಚ್ಚುತ್ತಿತ್ತು. ದಾರಿ ಮುಚ್ಚಿದ ಮೇಲೆ ಆ ಹೊಲವೂ ಹೋಗುತ್ತಿತ್ತು. ಅದಕ್ಕೇ ಒಂದು ಪಟ್ಟಿ ಮಾಡಿದೆವು. ಪಟ್ಟಿಯಲ್ಲಿರುವ ಹೊಲವನ್ನು ಗ್ರಾಮಸಭೆ ಒಪ್ಪದೆ ಬೇಸಾಯ ಬಿಟ್ಟು ಬೇರೆಯದಕ್ಕೆ ಯಾರೂ ಗುತ್ತಿಗೆ ಕೊಡುವಂತಿಲ್ಲ. ಕೆರೆಯ ಹೂಳು, ಬಿತ್ತನೆ ಬೀಜ ಎಲ್ಲ ಪಟ್ಟಿಯವರಿಗೇ ಮೊದಲು. ಪಂಚಾಯ್ತಿಯೂ ಸೈ ಎಂದಿತು. ಷರತ್ತು ಬರೆಯುವ ಕೆಲಸ ನನಗೆ ಬಿತ್ತು, ಮೂರು ಬರೆದೆ. ಒಂದು, ಹೊಲ ಐದು ಎಕರೆ ಮೀರಬಾರದು. ಎರಡು, ಸಮಿತಿಯವರು ತಮ್ಮ ಮನೆಯ ಹೊಲದ ಮಾತನ್ನು ಸಭೆಯಲ್ಲಿ ತಾವೇ ಎತ್ತಬಾರದು. ಮೂರು, ಮುಂಗಾರಿನಲ್ಲಿ ಬಿತ್ತದೆ ಬೀಳು ಬಿಟ್ಟ ಹೊಲ ಪಟ್ಟಿಯಿಂದ ಹೊರಗೆ.

ಈ ಮೂರನೆಯದರ ಮೇಲೆ ನನಗೆ ವಿಪರೀತ ಹೆಮ್ಮೆ. ಚಳ್ಳಕೆರೆಯಿಂದ ಕಾರಿನಲ್ಲಿ ಬಂದು ಎರಡು ಎಕರೆ ಕೊಂಡು, ಸುತ್ತ ಕಲ್ಲುಕಂಬ ನೆಟ್ಟು, ರೇಟು ಏರುವುದನ್ನೇ ಕಾಯುತ್ತ ಕೂರುವವರನ್ನು ಹಿಡಿಯಲೆಂದೇ ಬರೆದದ್ದು. ಅವರು ಸಿಕ್ಕಿಬಿದ್ದರೇ? ರಾಮ ರಾಮ! ಒಬ್ಬೊಬ್ಬರೂ ಹತ್ತಿಪ್ಪತ್ತು ಮಾವಿನ ಸಸಿ ನೆಟ್ಟು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಪ್ರಗತಿಪರ ರೈತರಾಗಿಬಿಟ್ಟರು. ಅವರ ಹೆಸರನ್ನೆಲ್ಲ ಪಟ್ಟಿಯಲ್ಲಿ ದುಂಡಗೆ ಬರೆದವನೂ ನಾನೇ.

ಷರತ್ತಿಗೆ ಮೊದಲು ಸಿಕ್ಕಿಬಿದ್ದವಳು ನಮ್ಮ ಬದುವಿನಾಚೆಯ ಹೊಲದ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ. ಮೈದುನನ ಹೆಸರಿನಲ್ಲಿ ಖಾತೆ ಇದ್ದ ಎರಡೂವರೆ ಎಕರೆಯನ್ನು ಒಬ್ಬಳೇ ಗೇಯುತ್ತಿದ್ದಳು. ಹೋದ ವರ್ಷ ನೆಲ ಸೋತಿದೆಯೆಂದು ಬಿತ್ತನೆ ಬಿಟ್ಟು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಳು. ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಅದು ಬೀಳು ಎಂದು ಬಂತು. ನಮ್ಮ ಜಗಲಿಯ ಕೆಳಗೆ ನಿಂತು ಕೇಳಿದಳು: "ಕುರಿ ನಿಲ್ಸಿದ್ರೆ ಬೀಳು ಹೆಂಗಾಗ್ತೈತ್ರಿ ಸಾರ್? ನೆಲಕ್ಕೆ ಉಣ್ಣಾಕೆ ಇಕ್ಕಿದೀನಿ, ಅಷ್ಟೇ ಅಲ್ಲೇನ್ರಿ?"

"ಷರತ್ತು ಅಂದ್ರೆ ಎಲ್ರಿಗೂ ಒಂದೇ ಕಣಮ್ಮ. ನಿನಗೊಂದು, ನನಗೊಂದು ಅಂತ ಬರೆಯಾಕಾಗಲ್ಲ" ಎಂದೆ. ಆ ಮಾತು ಆಡುವಾಗ ನನಗೆ ನಾನೇ ಜಿಲ್ಲಾಧಿಕಾರಿಯಂತೆ ಕಂಡೆ. ಅವಳ ಹೆಸರನ್ನು ಹೊಡೆದು ಹಾಕಿದೆ, ಗೆರೆ ಸೊಟ್ಟಗಾಗದಿರಲೆಂದು ಸ್ಕೇಲು ಇಟ್ಟು. ಆರು ತಿಂಗಳೊಳಗೆ ಮೈದುನ ಆ ಹೊಲವನ್ನು ಸೋಲಾರ್‌ನವರಿಗೆ ಕೊಟ್ಟ. ಅಲ್ಲಿ ಈಗ ತಂತಿ ಬೇಲಿ ಇದೆ, ಅವಳು ಕೂಲಿಗೆ ಹೋಗುತ್ತಾಳೆ. ನಾನು ಮಾಡಿದ್ದಿಷ್ಟೇ: ಹೊಲಕ್ಕೆ ಹೋಗುವ ದಾರಿ ಬದಲಾಯಿಸಿಕೊಂಡೆ.

ಕುರಿ ನಿಲ್ಲಿಸುವುದು ನಮ್ಮ ಮನೆಗೂ ಹೊಸದೇನಲ್ಲ. ಅವ್ವನ ನಾಲ್ಕೆಕರೆ ಎರಡು ತುಂಡು. ಒಂದು ವರ್ಷ ಈ ತುಂಡಿಗೆ ಶೇಂಗಾ, ಆ ತುಂಡಿಗೆ ಕುರಿ. ಮರುವರ್ಷ ಅದಲು ಬದಲು. ನನ್ನಿವಾಳದ ಕಡೆಯ ಕುರಿಗಾರನೊಬ್ಬ ಅಪ್ಪನ ಕಾಲದಿಂದಲೂ ಬರುತ್ತಾನೆ. ಮಳೆಗಾಲದಲ್ಲಿ ಊರೆಲ್ಲ ಬಿತ್ತಿದ ಮೇಲೆ ಅವನು ಅಷ್ಟು ಕುರಿ ಹೊಡೆದುಕೊಂಡು ಎಲ್ಲಿಗೆ ಹೋಗಬೇಕು? ಅವ್ವನ ಖಾಲಿ ತುಂಡಿಗೆ ಬರುತ್ತಾನೆ. ಬಲೆ ಕಟ್ಟಿ ಮಂದೆ ನಿಲ್ಲಿಸುತ್ತಾನೆ, ದಿನಕ್ಕೊಂದು ಜಾಗಕ್ಕೆ ಸರಿಸುತ್ತಾನೆ. ಅವನಿಗೆ ನಮ್ಮ ಮನೆಯ ಮುದ್ದೆ, ಹೊಲಕ್ಕೆ ಕುರಿಯ ಹಿಕ್ಕೆ. ಇದಕ್ಕೆ ಕಾಗದ ಪತ್ರ ಏನೂ ಇಲ್ಲ. ಹೊಲದ ಮೂಲೆಯಲ್ಲಿ ಅವ್ವ ಒಂದು ಕೋಲು ನೆಟ್ಟು, ಅವನೇ ಎಂದೋ ಕೊಟ್ಟ ಕರಿ ಕಂಬಳಿಯ ಚೂರು ಕಟ್ಟುತ್ತಾಳೆ. ಕೋಲಿದ್ದರೆ ಬಾ ಎಂದು ಅರ್ಥ. ಕೋಲಿಲ್ಲದಿದ್ದರೆ ಅವನು ಏಕೆಂದು ಕೇಳುವುದೂ ಇಲ್ಲ, ಮುಂದಕ್ಕೆ ಹೊರಟುಹೋಗುತ್ತಾನೆ.

ಈ ವರ್ಷ ಸಮೀಕ್ಷೆಯವನು ಮೊಬೈಲ್ ಹಿಡಿದು ಬಂದಾಗ ಕುರಿ ಇನ್ನೂ ಬಂದಿರಲಿಲ್ಲ. ಖಾಲಿ ನೆಲ, ಮೂಲೆಯಲ್ಲಿ ಕೋಲು.

"ಯಾವ ಬೆಳೆ ಸಾರ್?"

"ಈ ವರ್ಷ ಕುರಿ ಗೊಬ್ಬರ ಕಣಪ್ಪ. ಮುಂದಿನ ವರ್ಷ ಶೇಂಗಾ."

ಅವನು ಬಹಳ ಹೊತ್ತು ಬೆರಳಾಡಿಸಿದ. "ಗೊಬ್ಬರ ಇದ್ರಾಗೆ ಇಲ್ಲ ಸಾರ್. ಡ್ರ್ಯಾಗನ್ ಹಣ್ಣು ಐತೆ, ಹಾಕ್ಲಾ?"

"ನಮ್ಮೂರಾಗೆ ಡ್ರ್ಯಾಗನ್ ಹಣ್ಣು ಎಲ್ಲಿ ಕಂಡ್ಯೋ ಮಾರಾಯ?"

"ಹಂಗಾರೆ ಬೀಳು ಅಂತ ಹಾಕ್ಬೇಕಾಗ್ತೈತೆ. ನಿಮ್ಮ ಸಮಿತಿದೇ ಷರತ್ತು ಐತಲ್ಲ ಸಾರ್, ಮೂರನೇದು. ಹದಿನೈದು ದಿನ ಬಿಟ್ಟು ಇನ್ನೊಂದ್ಸಲ ಬರ್ತೀನಿ, ಅಷ್ಟ್ರಾಗೆ ಏನಾರ ಬಿತ್ತಿಸ್ಬಿಡ್ರಿ" ಎಂದು ಮರ್ಯಾದೆಯಿಂದಲೇ ಹೇಳಿ ಹೋದ.

ಹೋದ ವರ್ಷ ಕುರಿ ನಿಂತ ತುಂಡು ಅವ್ವನ ಹೆಸರಿನದೇ ಆದ್ದರಿಂದ ಅದನ್ನು ಪಟ್ಟಿಗೆ ಸೇರಿಸಿರಲೇ ಇಲ್ಲ. ಆದರೆ ಈ ತುಂಡಿನ ಖಾತೆ ಇನ್ನೂ ಚಿಕ್ಕಪ್ಪನ ಹೆಸರಿನಲ್ಲಿದೆ. ಗೇಯುವವರು ನಾವು, ಕಾಗದ ಅವನದು. ಪಟ್ಟಿಯಲ್ಲಿ ಇರುವವರೆಗೆ ಮಾತ್ರ ಅವನ ಕೈ ಕಟ್ಟಿತ್ತು. ಸಂಜೆಯೊಳಗೆ ಚಳ್ಳಕೆರೆಯಿಂದ ಅವನ ಫೋನು ಬಂತು. ಎಷ್ಟೋ ವರ್ಷದಿಂದ ಅವ್ವನ ಮಂಡಿನೋವು ವಿಚಾರಿಸದವನು ಅಂದು ವಿಚಾರಿಸಿದ. ಕೊನೆಗೆ, "ಆ ತುಂಡು ಬೀಳು ಬಿಟ್ಟೀರಂತೆ?" ಎಂದ.

ನಾನು ಸಮಿತಿಯ ಮುಂದೆ ಗೋಳು ತೋಡಿಕೊಂಡೆ. ಅವರೇ ದಾರಿ ಹೇಳಿದರು: ಹುರುಳಿ ಚೆಲ್ಲಿಬಿಡೋಣ, ವಾರದಲ್ಲಿ ಹಸಿರಾಗುತ್ತದೆ, ಫೋಟೊ ಆಗಲಿ. ನಮ್ಮಲ್ಲಿ ಮುಯ್ಯಾಳು ಎಂದು ಉಂಟು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ಆ ಲೆಕ್ಕದಲ್ಲಿ ಹತ್ತು ಜನ ಬಂದರು. ಅವ್ವ ಮಾರಮ್ಮನಿಗೆ ಕಾಯಿ ಒಡೆಸಲು ಗೌರಸಮುದ್ರಕ್ಕೆ ಹೋದ ಮಂಗಳವಾರವೇ ಮುಹೂರ್ತ ಇಟ್ಟೆ, ಅವಳು ಇದ್ದರೆ ಬಿಡುವುದಿಲ್ಲವೆಂದು ಗೊತ್ತಿತ್ತು. ಕೋಲು ಕಿತ್ತು ಬದುವಿಗೆ ಎಸೆದೆ. ಬೀಜ ಯಾರದೆಂದು ವಿಚಾರಿಸಿದರೆ, ಆ ಹೆಣ್ಣುಮಗಳೇ ಚೀಲ ಹೊತ್ತು ತಂದಿದ್ದಳು. ಬಿತ್ತಲು ಹೊಲವಿಲ್ಲದೆ ಮನೆಯಲ್ಲಿ ಉಳಿದಿತ್ತಂತೆ. ನಾನು ಅವಳ ಮುಖ ನೋಡದೆ, "ಒಳ್ಳೇದಾಯ್ತಮ್ಮ" ಎಂದೆ.

ಸಂಜೆ ಬಸ್ಸಿಳಿದು ಬಂದ ಅವ್ವ ಹೊಲ ನೋಡಿದಳು. ಕೋಲಿಲ್ಲದ ಮೂಲೆಯನ್ನೂ ನೋಡಿದಳು, ಒಳಗೆ ಹೋಗಿ ಒಲೆ ಹಚ್ಚಿದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎಂಟನೆಯ ದಿನ ಬೆಳಗ್ಗೆ ಕುರಿಗಾರ ಬಂದ. ಹುರುಳಿ ಎರಡೆಲೆ ಒಡೆದು ನಿಂತಿತ್ತು. ಮೂಲೆಯಲ್ಲಿ ಕೋಲಿಲ್ಲ. ಅವನು ಒಂದು ಗಳಿಗೆ ನೋಡಿದ, ಮಂದೆಯನ್ನು ತಿರುಗಿಸಿ ದಾರಿಗೆ ಹೊಡೆದ. ನಾನು ಮನೆಯ ಕಡೆ ಹೋಗುವ ನಾಟಕ ಮಾಡುತ್ತಿದ್ದೆ. ಅವ್ವ ಮಂಡಿ ಹಿಡಿದುಕೊಂಡೇ ಓಡಿದಳು.

"ಏಮಯ್ಯಾ, ಎಲ್ಲಿಗೆ ಹೊಂಟೆ?"

"ಬಿತ್ತೀರಲ್ಲಕ್ಕ. ಬಿತ್ತಿದ ಹೊಲಕ್ಕೆ ನಾನು ಕುರಿ ಬಿಡಾಕಿಲ್ಲ."

"ಮುಂದೆ ಎಲ್ಲಿಗೆ ಹೋಗ್ತೀಯಾ?"

"ನೋಡ್ಬೇಕು. ಪಕ್ಕದ್ದಕ್ಕೂ ಬೇಲಿ ಬಿತ್ತು. ಎಲ್ಲೂ ಆಗ್ಲಿಲ್ಲ ಅಂದ್ರೆ ಸಂತೆಗೆ ಹೊಡಿಯೋದು, ಇನ್ನೇನು."

ಅವ್ವ ಬದುವಿಗೆ ಬಂದು ಮುಳ್ಳಿನೊಳಗೆ ಕೈಹಾಕಿ ಆ ಕೋಲನ್ನು ಎಳೆದಳು. ಮೂಲೆಗೆ ನೆಟ್ಟಳು. "ಬಿಡು ಕುರಿನ" ಎಂದಳು. ಅವನು ನನ್ನ ಮುಖ ನೋಡಿದ. "ಅವ್ನನ್ನೇನು ನೋಡ್ತೀಯಾ, ಹೊಲ ಗೇದೋಳು ನಾನು" ಎಂದು ಗದರಿದಳು. ಕುರಿಗಳಿಗೆ ಷರತ್ತು ಗಿರತ್ತು ತಿಳಿಯದು. ಮಧ್ಯಾಹ್ನದೊಳಗೆ ಹತ್ತು ಜನರ ಮುಯ್ಯಾಳು ಅವುಗಳ ಹೊಟ್ಟೆ ಸೇರಿತು.

ನಾನು ಕೂಗಾಡಿದೆ. "ನಿನಗೇನು ತಲೆ ಕೆಟ್ಟೈತಾ ಅವ್ವ? ಇನ್ನೊಂದು ವಾರ ತಡೆದಿದ್ರೆ ಹೊಲ ಉಳಿತಿತ್ತು!"

"ಈ ವರ್ಷ ಫೋಟೊ ಉಳಿತಿತ್ತು ಕಣೋ. ಹಿಕ್ಕೆ ಬೀಳ್ದೆ ಮುಂದಿನ ವರ್ಷ ಕಾಯಿ ಕಟ್ತೈತಾ? ಅವ್ನು ಕುರಿ ಮಾರ್ಕೊಂಡ ಮೇಲೆ ಯಾರನ್ನ ಕರೀತೀಯಾ?" ಎಂದವಳು, ಕೈಗೆ ಹತ್ತಿದ ಮುಳ್ಳು ಕೀಳುತ್ತ ಕೇಳಿದಳು: "ಆ ಹೆಣ್ಣುಮಗಳ ಹೊಲಕ್ಕೆ ಇಲ್ದಿದ್ದ ಹುರುಳಿ ನಮ್ಮ ಹೊಲಕ್ಕೆ ಎಲ್ಲಿಂದ ಬಂತಲೇ? ಹೋದ ವರ್ಷ ಅವಳು ಬಂದು ನಿಂತಾಗ ಈ ಬುದ್ಧಿ ಎಲ್ಲಿಗೆ ಹೋಗಿತ್ತು?"

ನಾಚಿಕೆಯಾಯಿತು, ನಿಜವಾಗಿ. ಆ ನಾಚಿಕೆ ಹೋದ ವರ್ಷ ಆಗಬೇಕಿತ್ತು.

ಸಮೀಕ್ಷೆಯವನು ಹೇಳಿದ ದಿನಕ್ಕೆ ಬಂದ. ಕುರಿಯ ಫೋಟೊ ತೆಗೆದ, ಬೀಳು ಎಂದು ಹಾಕಿದ. ಉಳಿದದ್ದು ಗ್ರಾಮಸಭೆಯೊಂದೇ. ಷರತ್ತು ತಿದ್ದುವ ಅಧಿಕಾರ ಸಭೆಗಿತ್ತು. ನಾನು ಇಡೀ ಭಾಷಣ ಬಾಯಿಪಾಠ ಮಾಡಿಕೊಂಡು ಹೋಗಿ ಎದ್ದು ನಿಂತೆ. "ಕುರಿ ನಿಲ್ಲಿಸುವುದೂ ಬೇಸಾಯವೇ" ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ, "ಸಾರ್, ಎರಡನೇ ಷರತ್ತು ಒಸಿ ಓದಿ ಹೇಳ್ರಿ" ಎಂದರು. ಸಮಿತಿಯವರು ತಮ್ಮ ಮನೆಯ ಹೊಲದ ಮಾತನ್ನು ತಾವೇ ಎತ್ತಬಾರದು. ನಾನೇ ಓದಿದೆ, ನಾನೇ ಕೂತೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕ ಮೇಲೆ ಯಾರಾದರೂ ನಮ್ಮ ಪರ ಏಳುತ್ತಾರೆಂದು ಕಾದೆ. ಹತ್ತು ಜನ ಮುಯ್ಯಾಳುಗಳಲ್ಲಿ ಒಂಬತ್ತು ಜನರಿಗೆ ಕುರಿ ತಿಂದ ತಮ್ಮ ದುಡಿಮೆ ಕಣ್ಣಮುಂದೆ ಇತ್ತು. ಯಾರೂ ಏಳಲಿಲ್ಲ.

ಎದ್ದವಳು ಆ ಹೆಣ್ಣುಮಗಳು.

"ನಾನು ಹೇಳ್ತೀನಿ, ಬರ್ಕಳ್ರಿ. ಕುರಿ ನಿಲ್ಸಿದ ಹೊಲ ಬೀಳಲ್ಲ. ಕುರಿ ನಿಲ್ಸೋ ಹೊಲ ಒಂದೊಂದೇ ಹೋದ್ರೆ ಕುರಿಗಾರ ಬರಲ್ಲ. ಅವ್ನು ಬರ್ದಿದ್ರೆ ನಿಮ್ಮ ಬಿತ್ತಿದ ಹೊಲಾನೂ ನಾಕು ವರ್ಷಕ್ಕೆ ಬೀಳೇ. ಆಮೇಲೆ ಯಾವ ಪಟ್ಟಿ ಮಾಡ್ತೀರಿ?"

ಅಷ್ಟೇ ಮಾತು. ನಾನು ಬಾಯಿಪಾಠ ಮಾಡಿದ್ದು ಐದು ಪುಟ ಇತ್ತು. ಒಬ್ಬರು ಕೈಯೆತ್ತಿದರು, ಮತ್ತೊಬ್ಬರು ಎತ್ತಿದರು, ಕಡೆಗೆ ಎಲ್ಲರೂ ಎತ್ತಿದರು. ತಿದ್ದುಪಡಿ ಈ ವರ್ಷದಿಂದಲೇ ಜಾರಿ ಎಂದಾಯಿತು. ಅವ್ವನ ತುಂಡು ಪಟ್ಟಿಯಲ್ಲಿ ಉಳಿಯಿತು.

ನಾನು ಠರಾವು ಪುಸ್ತಕ ತೆಗೆದು ಬರೆಯಲು ಕೂತೆ. ಅವಳು ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಇದು ನನ್ನ ಹೊಲಕ್ಕೂ ಆಗ್ತೈತೇನ್ರಿ ಸಾರ್?"

"ಇಲ್ಲಮ್ಮ. ಹಿಂದಿನದಕ್ಕೆ ಆಗಲ್ಲ" ಎಂದೆ.

"ಹೂಂ" ಎಂದಳು.

ಮಾತು ಎತ್ತಿದವರ ಹೆಸರು, ಅವರ ಹೊಲದ ಸರ್ವೆ ನಂಬರು, ಸಹಿ, ಹೀಗೆ ಮೂರು ಕಾಲಮ್ಮಿಗೆ ಆ ಪುಸ್ತಕದಲ್ಲಿ ಗೆರೆ ಎಳೆದವನೂ ನಾನೇ. ನಂಬರು ಇಲ್ಲದೆ ಠರಾವು ನಿಲ್ಲುವುದಿಲ್ಲ ಎಂದು ಹಿಂದೆ ಹಟ ಹಿಡಿದವನೂ ನಾನೇ. ಹೆಸರು ಬರೆದೆ. ಎರಡನೆಯ ಕಾಲಮ್ಮಿಗೆ ಬಂದು ಪೆನ್ನು ಹಿಡಿದುಕೊಂಡು ಕೂತೆ. ಅವಳು ಬಾಗಿ ನೋಡಿದಳು. ತಂತಿ ಬೇಲಿಯ ಒಳಗೆ ಹೋದ ಆ ಎರಡೂವರೆ ಎಕರೆಯ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳಿದಳು.

"ಬರೀರಿ ಸಾರ್" ಎಂದಳು. "ನಿಮ್ಮ ಅಕ್ಷರ ಚೆನ್ನಾಗೈತೆ."