ಅಕ್ಕನ ಪಾಲಿನ ನೀರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ನನ್ನನ್ನು ತೀರಿಹೋದ ಅಜ್ಜಿಯ ಹೆಸರಿನಿಂದ ಕರೆದಳು. ಮೊನ್ನೆ ಪರಿಚಯದವರ ಮನೆಯಲ್ಲಿ ಬಾಣಂತಿ ಕೋಣೆಯ ಸಾಂಬ್ರಾಣಿ ವಾಸನೆ ಮೂಗಿಗೆ ಬಂದದ್ದೇ ತಡ, ಆ ಗಳಿಗೆ ಎದುರಿಗೆ ಬಂದು ನಿಂತಿತು. ನಲವತ್ತು ವರ್ಷದ ಮೇಲಾಯಿತು. 

ಅಕ್ಕನ ಹೆರಿಗೆಯಾದ ಹರಿಹರದ ಸಿಸ್ಟರುಗಳ ಆಸ್ಪತ್ರೆ ಆಗಷ್ಟೇ ಹೊಸ ಕಟ್ಟಡಕ್ಕೆ ಬಂದಿತ್ತು. ನಾನು ಚಿಕ್ಕವಳಿದ್ದಾಗ ಅದೊಂದು ಬಾಡಿಗೆಯ ಹೆಂಚಿನ ಮನೆ: ಕೇರಳದಿಂದ ಬಂದ ಮೂವರು ಸನ್ಯಾಸಿನಿಯರು, ಆರು ಮಂಚ, ಸದಾ ಕುದಿಯುವ ಒಂದು ಹಂಡೆ. ಮೊದಮೊದಲು ಸೂಲಗಿತ್ತಿ ಕೈಚೆಲ್ಲಿದವರನ್ನಷ್ಟೇ ಗಾಡಿಯಲ್ಲಿ ಹಾಕಿಕೊಂಡು ತರುತ್ತಿದ್ದರು. ಬದುಕಿ ಹೋದವರು ತಂಗಿಯರನ್ನು ಕರೆತಂದರು, ತಂಗಿಯರು ನಾದಿನಿಯರನ್ನು. ಹಾಗೆ ಬೆಳೆದ ಆಸ್ಪತ್ರೆ ಅದು. ಹಿರಿಯರಾದ ಕ್ಲಾರಾ ಸಿಸ್ಟರ್ ಕನ್ನಡ ಕಲಿತದ್ದು ತರಕಾರಿಯವರಿಂದ. ಹೆರಿಗೆ ನೋವಿನವರಿಗೂ ಚೌಕಾಸಿಯ ದನಿಯಲ್ಲೇ, "ಇನ್ನೊಂದ್ಸಲ ಜೋರು ಹಾಕ್ರಿ ತಾಯಿ, ಇದೇ ಕೊನೇದು," ಎನ್ನುತ್ತಿದ್ದರು.

ಅಮ್ಮ ಅವರನ್ನು ಪೂರ್ತಿ ನಂಬಿದ್ದಳು, ನೀರಿನ ವಿಷಯವೊಂದನ್ನು ಬಿಟ್ಟು. ಬಾಣಂತಿ ನೀರು ಕುಡಿದರೆ ಮೈ ಊದುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ನಮ್ಮ ಮನೆಯ ಕಾನೂನು. ಸಿಸ್ಟರ್ ದಿನಕ್ಕೆ ನಾಲ್ಕು ಚೆಂಬು ನೀರು ಇಟ್ಟು, ಕುಡಿಸಿ ಎಂದು ಹೇಳಿ ಹೋಗುತ್ತಿದ್ದರು. ಚೆಲ್ಲಿದರೆ ಆಯಾ ನೋಡುತ್ತಾಳೆ. "ನೀನೇ ಕುಡಿದ್ಬಿಡವ್ವ, ಯಾರಿಗೂ ಗೊತ್ತಾಗಲ್ಲ," ಅಂದಳು ಅಮ್ಮ. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಎರಡು ದಿನ ಅಕ್ಕನ ಪಾಲಿನ ನೀರನ್ನು ನಿಷ್ಠೆಯಿಂದ ಕುಡಿದೆ. ಏಪ್ರಿಲ್ ತಿಂಗಳು. ಅಕ್ಕ ಒಣಗಿದ ತುಟಿ ಸವರಿಕೊಳ್ಳುತ್ತ ನೋಡುತ್ತಿದ್ದಳು.

ಮೂರನೆಯ ದಿನ ನನ್ನನ್ನು ಅಜ್ಜಿಯ ಹೆಸರಿನಿಂದ ಕರೆದವಳೇ ಕಣ್ಣು ತೇಲಿಸಿದಳು. ಮೈ ಕೆಂಡ. ಸಿಸ್ಟರ್ ಓಡಿಬಂದು ನಾಡಿ ಹಿಡಿದರು.

"ನೀರು ಎಷ್ಟು ಹೋಗೈತೆ?"

"ದಿನಾ ನಾಕು ಚೆಂಬ್ರಿ, ಸಿಸ್ಟರ್," ಅಂದಳು ಅಮ್ಮ.

ಸಿಸ್ಟರ್ ಖಾಲಿ ಚೆಂಬು ನೋಡಿದರು, ನಂಬಿದರು. "ಅಷ್ಟು ಕುಡಿದೂ ಹಿಂಗೆ ಅಂದ್ರೆ ನಂಜು ಏರೈತೆ. ದಾವಣಗೆರೆ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಕಾರು ತರಿಸ್ತೀನಿ."

ಆ ಬಿಸಿಲಲ್ಲಿ ಅಕ್ಕ ದಾವಣಗೆರೆ ಮುಟ್ಟುವುದು ಅನುಮಾನ ಎಂದು ಅವರ ಮುಖವೇ ಹೇಳುತ್ತಿತ್ತು. ಅಮ್ಮ ನನ್ನ ಕೈ ಅದುಮಿ ಹಿಡಿದಳು. ಪಕ್ಕದ ಮಂಚದಲ್ಲಿ ಸೊಸೆಯನ್ನು ನೋಡಿಕೊಳ್ಳುತ್ತಿದ್ದ ಬೀಬಮ್ಮ ನನ್ನ ಬೆನ್ನಿಗೆ ತಿವಿದಳು: "ಬಾಯಿ ಬಿಡೇ ಹುಡುಗಿ! ಕುಡಿಯಾಕೆ ಬಾಯಿ ಇತ್ತಲ್ಲ!"

"ನೀರು ಕುಡಿದದ್ದು ನಾನು, ಸಿಸ್ಟರ್."

ಅವರು ಬೈಯಲಿಲ್ಲ. ಸಲೈನ್ ಬಾಟಲಿ ತೂಗುಹಾಕಿ, ಸೂಜಿ ಚುಚ್ಚಿ, ಹನಿ ಬೀಳತೊಡಗಿದ ಮೇಲೆ ಕೇಳಿದರು: "ಕಾಲೇಜ್‌ನಾಗೆ ಏನು ಓದ್ತೀ?"

"ಬಯಾಲಜಿ."

"ಅಯ್ಯೋ ದೇವ್ರೇ!"

ಸಂಜೆಯ ಹೊತ್ತಿಗೆ ಅಕ್ಕ ಮಾತಾಡಿದಳು. ಆದರೂ ಅಮ್ಮ ಕದಲಲಿಲ್ಲ. ಚಮಚದಲ್ಲಿ ನೀರು ಹನಿಸುತ್ತ, ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಮೂರು ರಾತ್ರಿ ನನಗೂ ಕಣ್ಣು ಮುಚ್ಚಲು ಧೈರ್ಯವಿರಲಿಲ್ಲ. ಈಗ ನೆನೆದರೆ, ನಮ್ಮನ್ನು ನಂಬಿ ಮೋಸಹೋದ ಸಿಸ್ಟರ್ ಮರುದಿನವೂ ನಮ್ಮ ಮಾತನ್ನು ನಂಬಿದರಲ್ಲ, ಅದೇ ದೊಡ್ಡದು ಅನ್ನಿಸುತ್ತದೆ.

ಆರನೆಯ ದಿನ ಸಿಸ್ಟರ್, "ಇನ್ನು ಹೆದರಿಕೆ ಬ್ಯಾಡ, ಮಲಗ್ರಿ," ಅಂದರು. ಮರುದಿನ ಬೆಳಿಗ್ಗೆ ಅವರೇ ಬಂದು ಎಬ್ಬಿಸಿದಾಗ ಕೂಸು ಅವರ ಹೆಗಲ ಮೇಲಿತ್ತು, ಅವರ ಕಣ್ಣು ಕೆಂಪಾಗಿದ್ದವು.

"ರಾತ್ರಿಯೆಲ್ಲ ಕಿರುಚೈತೆ ನಿಮ್ಮ ಕೂಸು. ಮೂವರಾಗೆ ಒಬ್ರಾದ್ರೂ ಏಳಬಾರ್ದಾ?"

ನಮಗೆ ಯಾರಿಗೂ ಒಂದು ಕೂಗೂ ಕೇಳಿಸಿರಲಿಲ್ಲ.