ಸೀಜನ್ ಮುಗೀಲಿ, ಕಾಕಾ

ಕೂರುವ ಒಂದು ಮಣೆಗೆ ಆರುನೂರು ರೂಪಾಯಿ ಕೊಟ್ಟು ಬಂದಿದ್ದೇನೆ. ಮಣೆ ಇನ್ನೂ ಮನೆಗೆ ಬಂದಿಲ್ಲ. ಕುಂಕಳ್ಳಿಯ ರಸ್ತೆ ಬದಿಯಲ್ಲಿ ತಗಡಿನ ನೆರಳಿಗೆ ಕೂತು ಕೆಲಸ ಮಾಡುವ ಬಡಗಿ ಅದಕ್ಕೆ ಹೇಳಿದ್ದು ನಾನೂರೈವತ್ತು. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ. ಯಾವ ವಸ್ತುವಿಗೂ ಹೇಳಿದ ಬೆಲೆಯ ಅರ್ಧದಿಂದಲೇ ಮಾತು ಶುರುಮಾಡುವವಳು ನಾನು. ಆದರೆ ಆವತ್ತು ಅವನ ಕಾಲ ಬಳಿ ಬಿದ್ದಿದ್ದ ಹಲಸಿನ ಚಕ್ಕೆಗಳ ವಾಸನೆ ಮೂಗಿಗೆ ಬಡಿಯಿತು. ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ಹಸಿ ಮರದ ವಾಸನೆ. ಒಣಗಿದೆಯೇನಪ್ಪಾ ಎಂದು ಕೊಂಕಣಿಯಲ್ಲಿ ಕೇಳಿದೆ. ಇಲ್ಲ ಬಾಯಿ, ಇನ್ನೂ ನಾಲ್ಕು ತಿಂಗಳು ಬೇಕು ಎಂದ. ಹಾಗಿದ್ದರೆ ನಾಲ್ಕು ತಿಂಗಳು ನಿನ್ನ ಹತ್ತಿರವೇ ಒಣಗಲಿ, ಆಮೇಲೆ ಕಾಲು ಕೂಡಿಸು ಎಂದು ನೂರೈವತ್ತು ಹೆಚ್ಚಿಗೆ ಕೊಟ್ಟೆ. ಅದು ಕಾಯುವುದರ ಬೆಲೆ. ಹದಿನೈದು ವರ್ಷದ ಹಿಂದೆ ಇನ್ನೊಬ್ಬ ಬಡಗಿಗೆ ಕೊಡಬೇಕಾಗಿತ್ತು, ಕೊಡಲಿಲ್ಲ.

ಆಗ ಆ ಬಡಗಿಯೂ ನಾನೂ ಗೋವಾದ ಕಾಣಕೋಣದಲ್ಲಿ ಒಂದೇ ಸಾಲಿನ ಬಾಡಿಗೆ ಖೋಲಿಗಳಲ್ಲಿ ಇದ್ದೆವು. ಅವರ ಖೋಲಿಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಗದಗಿನ ಕಡೆಯವರು, ಊರಲ್ಲಿ ಬೀಜ ಬಿತ್ತುವ ಕೂರಿಗೆ ಮಾಡುತ್ತಿದ್ದರಂತೆ. ಕಬ್ಬಿಣದ ಕೂರಿಗೆ ಬಂದ ಮೇಲೆ ಇವರ ಉಳಿ, ಬಾಚಿಗೆ ಕೆಲಸ ಕಡಿಮೆಯಾಗಿ, ಗೋವಾಕ್ಕೆ ಬಂದು ಹೋಟೆಲ್ಲುಗಳಿಗೆ ಮೇಜು ಕುರ್ಚಿ ಮಾಡುತ್ತಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಖೋಲಿಯ ಹಿಂದೆ ಅವರ ಹಲಗೆಗಳ ಒಟ್ಟಲು. ಹಲಗೆ ಹಲಗೆಯ ನಡುವೆ ಗಾಳಿಯಾಡಲು ಸಣ್ಣ ಕಡ್ಡಿ ಇಟ್ಟು, ತುದಿ ಸೀಳದಂತೆ ಸುಣ್ಣ ಬಳಿದು, ಪ್ರತಿಯೊಂದರ ಮೇಲೂ ಇದ್ದಿಲಿನಿಂದ ಒಂದು ಮಳೆಯ ಹೆಸರು ಬರೆಯುತ್ತಿದ್ದರು. ಯಾವ ಮಳೆಯಲ್ಲಿ ಕೊಯ್ದ ಮರ ಎಂದು ಅದರಿಂದ ಗೊತ್ತಾಗುತ್ತಿತ್ತು. ಪುಷ್ಯ, ಉತ್ತರಿ, ಹಸ್ತ… ಆ ಬರಹ ನೋಡಿಯೇ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಿದ್ದರು.

ನಾನು ಹೆಗಲಿಗೆ ಚೀಲ ಹಾಕಿಕೊಂಡು ಬೀಚಿನಲ್ಲಿ ಕಾಲ್ಗೆಜ್ಜೆ, ಕಸೂತಿ ಚೀಲ ಮಾರುತ್ತಿದ್ದೆ. ಇಂಗ್ಲಿಷ್ ಕಲಿತದ್ದು ಆ ಮರಳಿನ ಮೇಲೇ. ಮೊದಲು ಕಲಿತ ಶಬ್ದ ಸೀಜನ್. ಮಳೆ ನಿಂತು ಗಿರಾಕಿಗಳು ಬರುವ ಆರು ತಿಂಗಳಿಗೆ ಆ ಹೆಸರು. ಆದರೆ ರೈಲಿನ ತಿಂಗಳ ಪಾಸಿಗೂ ಸೀಜನ್ ಎನ್ನುತ್ತಿದ್ದರು. ಹೋಟೆಲಿನ ಅಡುಗೆಯವನು ಉಪ್ಪು, ಮೆಣಸಿನ ಪುಡಿ ಉದುರಿಸಿ ಸೀಜನ್ ಮಾಡಿದೆ ಎನ್ನುತ್ತಿದ್ದ. ಇತ್ತ ಕಾಕಾ, ಮಡಗಾಂವದ ಕಟ್ಟಿಗೆ ಅಡ್ಡೆಯಲ್ಲಿ ಕಲಿತದ್ದೋ ಏನೋ, ತಮ್ಮ ಒಟ್ಟಲು ತೋರಿಸಿ "ಇನ್ನೂ ಸೀಜನ್ ಆಗಿಲ್ಲವಾ" ಎನ್ನುತ್ತಿದ್ದರು. ಒಂದು ಶಬ್ದ ಇಷ್ಟು ಕಡೆ ದುಡಿಯುವುದು ನನಗೆ ಸೋಜಿಗ.

ಪ್ರತಿ ಚಳಿಗಾಲ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದ ಒಬ್ಬ ಬಿಳಿ ಕೂದಲಿನ ಮೇಡಂ ಇದ್ದರು. ತಮ್ಮ ದೇಶದಲ್ಲಿ ಮಾಸ್ತರಿಕೆ ಮಾಡಿದವರು. ಒಂದು ಸಂಜೆ ಅವರನ್ನೇ ಕೇಳಿದೆ. ಅವರು ಕಾಲಿಗೆ ಹತ್ತಿದ ಮರಳು ಝಾಡಿಸಿಕೊಳ್ಳುತ್ತ ನಿಧಾನವಾಗಿ ಬಿಡಿಸಿ ಹೇಳಿದರು. ಅದು ಲ್ಯಾಟಿನ್ನಿನಿಂದ ಹೊರಟು ಫ್ರೆಂಚ್ ದಾಟಿ ಬಂದ ಶಬ್ದವಂತೆ. ಮೂಲದಲ್ಲಿ ಅದರ ಅರ್ಥ ಬಿತ್ತುವುದು. ಆಮೇಲೆ ಬಿತ್ತುವ ಹೊತ್ತು, ಆಮೇಲೆ ವರ್ಷದ ಯಾವುದೇ ಹೊತ್ತು. ಹೊತ್ತು ತುಂಬಿ ಹಣ್ಣು ಮಾಗುವುದಕ್ಕೂ ಅದೇ ಮಾತು ಅಂಟಿಕೊಂಡಿತು. ಅಲ್ಲಿಂದ ಅಡುಗೆಯ ರುಚಿಗೆ, ಮರದ ಒಣಗುವಿಕೆಗೆ.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. ಅವರು ತೊಡೆ ತಟ್ಟಿ ನಕ್ಕರು.

"ಅಂದ್ರ ಇದು ನನ್ನ ಕೂರಿಗಿ ಶಬ್ದ ಅಲ್ಲೇನವಾ! ಇಷ್ಟಕ್ಕ ಇಷ್ಟ್ ದೂರಿಂದ ಬರಬೇಕಾಗಿತ್ತೇನು? ನಮ್ಮ ಕಡೆ ಹದ ಅಂತೀವಿ, ಮುಗೀತು. ನೆಲಕ್ಕೂ ಹದ, ಕಟ್ಟಿಗಿಗೂ ಹದ, ಸಾರಿಗೂ ಹದ."

"ನಿಮಗ ಮಾತ್ರ ಇನ್ನೂ ಹದ ಬಂದಿಲ್ಲ ನೋಡ್ರಿ, ಕಾಕಾ."

"ನಾ ಹಸೀನೇ ಇರ್ತೇನಿ ಬಿಡವಾ. ಒಣಗಿದ್ರ ಸುಡಾಕ ಒಯ್ತಾರ."

ಮೇಡಂ ಏನೆಂದು ಕೇಳಿದರು. ಆ ಮಾತನ್ನು ಮಾತ್ರ ನನಗೆ ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ…

ಮರುವರ್ಷ ಬೀಚಿಗೆ ಇಳಿಯುವ ದಾರಿಯಲ್ಲಿ ನನಗೆ ಸ್ವಂತ ಅಂಗಡಿಯ ಜಾಗ ಸಿಕ್ಕಿತು. ಚೀಲ ಹೊತ್ತು ತಿರುಗುವವಳಿಗೆ ಬಾಗಿಲಿರುವ ಅಂಗಡಿ! ಮಳೆಗಾಲ ಮುಗಿಯುತ್ತ ಬಂದಿತ್ತು. ದೀಪಾವಳಿಯ ಮುಂಚೆ ತೆರೆಯದಿದ್ದರೆ ಜಾಗ ಇನ್ನೊಬ್ಬರ ಪಾಲು. ಹಲಗೆ, ಬಾಗಿಲು, ಸಾಮಾನು ಇಡಲು ಅಟ್ಟ, ಅದಕ್ಕೊಂದು ಏಣಿ ಎಲ್ಲ ಕಾಕಾನಿಗೆ ಹೇಳಿದೆ. ಅವರು ಒಟ್ಟಲಿನ ಸುತ್ತ ಒಮ್ಮೆ ತಿರುಗಿ ಬಂದರು. ಒಣಗಿದ್ದು ಬಾಗಿಲಿಗೂ ದುಡ್ಡಿನ ಗಲ್ಲೆಯ ಮೇಜಿಗೂ ಸಾಲುತ್ತದೆ, ಉಳಿದದ್ದು ಮೊನ್ನೆಯ ಉತ್ತರಿ ಮಳೆಯದು, ಹಸಿ, ನಾಲ್ಕು ತಿಂಗಳು ಕೊಡು ಎಂದರು. ಕೊಡಲಿಲ್ಲ. ನಾನು ಚೌಕಾಸಿಗೆ ಇಳಿದೆ. ಬೆಲೆ ಅವರು ಹೇಳಿದ್ದನ್ನೇ ಒಪ್ಪಿದೆ, ತಿಂಗಳು ಕಡಿಯುತ್ತ ಹೋದೆ. ನಾಲ್ಕು, ಎರಡು, ಒಂದು. ಕೊನೆಗೆ, ಬೇರೆ ಬಡಗಿ ಹತ್ತು ದಿನದಲ್ಲಿ ಮಾಡಿಕೊಡುತ್ತಾನಂತೆ ಎಂದೆ. ಅಂಥ ಬಡಗಿ ಯಾರೂ ಇರಲಿಲ್ಲ. ಅದು ಸಂತೆಯಲ್ಲಿ ನಾನು ಬಳಸುವ ಮಾತು.

ಕಾಕಾ ಒಟ್ಟಲಿನ ಮೇಲಿನ ಹಲಗೆ ಕೆಳಗಿಳಿಸಿ, "ಆತು" ಎಂದರು.

ಏಣಿ ನಿಲ್ಲಿಸಿದ ದಿನ ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಮೆಟ್ಟಲಾ ಈಗ ಬಿಗಿ ಅದಾವ. ಸಂಕ್ರಾಂತಿ ಹೊತ್ತಿಗೆ ಸೊರಗಿ ಸಡಲ ಆಕ್ಕಾವ. ಆವಾಗ ನಾ ಬಂದು ಸಂದಿಗೆ ಬೆಣಿ ಹೊಡೀತೇನಿ. ಅಲ್ಲೀತನಕ ನೀ ಹತ್ತಬ್ಯಾಡ, ಮತ್ತ ಯಾರನ್ನೂ ಹತ್ತಸಬ್ಯಾಡ."

ಅಂಗಡಿ ತೆರೆದ ತಿಂಗಳೊಳಗೆ ಸಪ್ಪಳ ಶುರುವಾಯಿತು. ಊಟದ ಹೊತ್ತಿಗೆ ಬೀಚು ಖಾಲಿಯಾಗಿ, ಬಿಸಿಲು ಏರಿದಾಗ, ಎಲ್ಲೋ ಒಂದು ಹಲಗೆ ಟಕ್ ಎನ್ನುವುದು. ಯಾರೋ ಒಳಗೆ ಬರಲೇ ಎಂದು ಕೇಳಿದ ಹಾಗೆ. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದೆ. ಮರ ಒಣಗುವಾಗ ಹಾಗೇ ಮಾತಾಡುತ್ತದೆ ಎಂದರು ಕಾಕಾ.

ಸಂಕ್ರಾಂತಿಗೆ ಅವರು ಬೆಣೆ, ಕೊಡತಿ ಹಿಡಿದು ಬಂದರು. ಅಂಗಡಿಯ ತುಂಬ ಗಿರಾಕಿ. ಬಡಿಯುವ ಸಪ್ಪಳಕ್ಕೆ ಎದ್ದು ಹೋಗುತ್ತಾರೆಂದು, "ಸೀಜನ್ ಮುಗೀಲಿ, ಕಾಕಾ" ಎಂದೆ. ವಾರ ಬಿಟ್ಟು ಮತ್ತೆ ಬಂದರು. ಅದೇ ಮಾತು ಹೇಳಿದೆ.

ಮೂರನೆಯ ಸಲ ಬಂದಾಗ ಇಬ್ಬರು ಹೆಂಗಸರು ಕೆಂಪು ಕಸೂತಿ ಚಾದರಕ್ಕೆ ಬೆಲೆ ಕುದುರಿಸಿ ಮುಗಿಸಿದ್ದರು. ಅದರ ಜೋಡಿ, ಅಂಗಡಿ ತೆರೆಯುವಾಗ ಕೆಳಗಿಂದಲೇ ಎತ್ತಿ ನೂಕಿದ್ದ ಗಂಟಿನಲ್ಲಿ, ಅಟ್ಟದ ಮೇಲಿತ್ತು. ನಾನು ಗಲ್ಲೆ ಬಿಟ್ಟು ಏಳುವ ಹಾಗಿರಲಿಲ್ಲ.

"ಹ್ಯಾಂಗೂ ಬಂದೀರಿ, ಮ್ಯಾಲಿಂದು ಅದೊಂದು ತಗದ ಕೊಡ್ರಿ, ಕಾಕಾ. ಜಲ್ದಿ."

ಅವರು ಏಣಿ ನೋಡಿದರು. ಹೊರಳಿ ನನ್ನನ್ನು ನೋಡಿದರು. ಆ ಏಣಿಯನ್ನು ಅವರಷ್ಟು ಬಲ್ಲವರು ಯಾರೂ ಇರಲಿಲ್ಲ. ಆದರೂ ಕೊಡತಿಯನ್ನು ಕೆಳಗಿಟ್ಟು ಹತ್ತಿದರು. ನಾಲ್ಕನೆಯ ಮೆಟ್ಟಿಲು ತನ್ನ ಕುಳಿಯೊಳಗೆ ತಿರುಗಿತು. ಸೊಂಟ ನೆಲಕ್ಕೆ ಬಿದ್ದ ಸದ್ದೊಂದೇ…

ಆಸ್ಪತ್ರೆಗೆ ಸಾಗಿಸಿದೆವು. ಆ ಚಾದರ ಮಾರಿದೆನೋ ಇಲ್ಲವೋ ನೆನಪಿಲ್ಲ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ನೆನಪಿದೆ. ರಿಕ್ಷಾ ಬರುವುದರೊಳಗೆ ಮಾರಿದೆ.

ಅವರ ಅಣ್ಣನ ಮಕ್ಕಳು ಬಂದು ಊರಿಗೆ ಕರೆದುಕೊಂಡು ಹೋದರು. ನಾನು ನೋಡಲು ಹೋದದ್ದು ಮೇ ತಿಂಗಳಲ್ಲಿ, ಸೀಜನ್ ಮುಗಿದ ಮೇಲೆ. ಪಡಸಾಲೆಯ ಹೊರಸಿನ ಮೇಲೆ ಅರ್ಧ ಆಳಾಗಿ ಮಲಗಿದ್ದರು. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಕೇಳಿದ್ದು ಒಂದೇ: "ಅಂಗಡಿ ಸಪ್ಪಳ ನಿಂತತೇನವಾ?"

"ನಿಂತತ್ರಿ, ಕಾಕಾ" ಎಂದೆ.

"ಹಂಗಾರ ಒಣಗೇತಿ. ಇನ್ನ ಬೆಣಿ ಹೊಡಸು."

ಮುಂಗಾರಿಗೆ ಜನ ಕೂರಿಗೆ ಹೂಡಿದ ವಾರದಲ್ಲೇ ಅವರು ಹೋದರೆಂದು ಫೋನು ಬಂತು. ಮೇಡಂ ಹೇಳಿದ ಆ ಶಬ್ದದ ಮೊದಲ ಅರ್ಥ ಆವತ್ತು ನೆನಪಾಯಿತು.

ಸಪ್ಪಳ ಮಾತ್ರ ನಿಂತಿರಲಿಲ್ಲ. ಈಗಲೂ ನಿಂತಿಲ್ಲ. ಹಳೆಯ ಹಲಗೆ ತೆಗೆಸಿ ಗೋಡೆ ಕಟ್ಟಿಸಿದೆ, ಅಟ್ಟಕ್ಕೆ ಕಬ್ಬಿಣದ ಏಣಿ ಹಾಕಿಸಿದೆ. ಆದರೂ ಸುಡುವ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಲ್ಲಿಂದಲೋ ಟಕ್. ನಾನು ಬಾಗಿಲ ಕಡೆ ನೋಡುತ್ತೇನೆ. ಬನ್ರಿ ಎನ್ನುತ್ತೇನೆ, ಕೆಲವು ಸಲ. ಹಳೆಯ ಏಣಿಯನ್ನು ಹಿಂದೆ ಇಟ್ಟಿದ್ದೇನೆ. ನಾಲ್ಕನೆಯ ಮೆಟ್ಟಿಲಿನ ಅಡಿಯಲ್ಲಿ ಇದ್ದಿಲಿನ ಅಕ್ಷರ ಇನ್ನೂ ಕಾಣುತ್ತದೆ: ಉತ್ತರಿ. ಕುಂಕಳ್ಳಿಯಿಂದ ಬಂದ ದಿನ ಅದನ್ನು ಅದರ ಕುಳಿಗೆ ಹಾಕಿ ನೋಡಿದೆ. ಸುತ್ತ ಒಂದು ಉಗುರಿನಷ್ಟು ಸಂದು. ಅಷ್ಟೇ ಸಂದು.

ನೀವು ಮರದ ಸಾಮಾನು ಮಾಡಿಸುವವರಾದರೆ ನನ್ನ ಮಾತು ಕೇಳಿ. ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಒಣಗಿದ್ದರೆ ಖಣ್ ಅನ್ನುತ್ತದೆ, ಹಸಿಯಾಗಿದ್ದರೆ ಮಂಕಾಗಿ ಸದ್ದು ಮಾಡುತ್ತದೆ. ಮೂಸಿ ನೋಡಿ. ಯಾವ ಮಳೆಯಲ್ಲಿ ಕೊಯ್ದದ್ದು ಎಂದು ಕೇಳಿ, ಉತ್ತರಿಸಲು ತಡವರಿಸುವವನ ಹತ್ತಿರ ಕೊಳ್ಳಬೇಡಿ. ಬೆಲೆಯಲ್ಲಿ ಎಷ್ಟು ಬೇಕಾದರೂ ಜಗ್ಗಾಡಿ, ಅದು ನಿಮ್ಮ ಹಕ್ಕು. ಆದರೆ ಬಡಗಿ ನಾಲ್ಕು ತಿಂಗಳು ಕೇಳಿದರೆ ನಾಲ್ಕು ತಿಂಗಳು ಕೊಡಿ. ಮತ್ತು ಏಣಿಯ ಮೆಟ್ಟಿಲನ್ನು ಮೊದಲು ಕೈಯಿಂದ ತಿರುಗಿಸಿ ನೋಡಿ. ಒಂದಿಷ್ಟು ಅಲುಗಿದರೂ ಹತ್ತಬೇಡಿ. ನಿಮ್ಮ ಮಾತು ಮೀರಲಾರದವರಿಗಂತೂ ಹತ್ತಿ ಎಂದು ಹೇಳಲೇಬೇಡಿ.